ನೆಲದಡಿಯ ನಿಲ್ದಾಣ, ಬದಲಾಗುವ ಫಲಕ: ಹತ್ತು ಅನುಭವದ ಪಾಠಗಳು

ನೆಲದ ಮೇಲೆ ದಾರಿ ತಪ್ಪಿದವರಿಗೆ ಆಸರೆಗಳು ಹಲವು. ಸೂರ್ಯ ಯಾವ ಕಡೆ ಇದ್ದಾನೆ ಎಂದು ನೋಡಬಹುದು, ದೂರದ ಗೋಪುರವನ್ನು ಗುರುತು ಹಿಡಿಯಬಹುದು, ಬೀಡಾ ಅಂಗಡಿಯವರನ್ನು ಕೇಳಬಹುದು. ನೆಲದಡಿಯ ರೈಲು ನಿಲ್ದಾಣದಲ್ಲಿ ಇವು ಯಾವುವೂ ಇಲ್ಲ. ಗೋಡೆಗಳೆಲ್ಲ ಒಂದೇ ಥರ, ಮೆಟ್ಟಿಲುಗಳೆಲ್ಲ ಒಂದೇ ಥರ. ಮೂಡಣ ಯಾವುದು, ಪಡುವಣ ಯಾವುದು ತಿಳಿಯದು. ಅಲ್ಲಿ ಪ್ರಯಾಣಿಕರಿಗೆ ಉಳಿಯುವುದು ಮೂರೇ: ಕಣ್ಣಿಗೆ ಕಾಣುವ ಫಲಕ, ಕಿವಿಗೆ ಬೀಳುವ ಘೋಷಣೆ, ಸಮವಸ್ತ್ರ ತೊಟ್ಟು ನಿಂತ ಮನುಷ್ಯ.

ಬೆಂಗಳೂರಿನ ನಮ್ಮ ಮೆಟ್ರೊ 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಓಡಲು ಶುರುಮಾಡಿದಾಗ ಎಲ್ಲವೂ ಕಂಬಗಳ ಮೇಲಿತ್ತು. ನೆಲದಡಿಯ ಓಟ ಆರಂಭವಾದದ್ದು 2016ರ ಏಪ್ರಿಲ್ ಕೊನೆಯಲ್ಲಿ, ನೇರಳೆ ಮಾರ್ಗದಲ್ಲಿ: ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲು ನಿಲ್ದಾಣ. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಗಳೂ ಸೇರಿದವು. ಎರಡೂ ಮಾರ್ಗ ಕೂಡುವುದು ಮೆಜೆಸ್ಟಿಕ್ಕಿನ ನಾಡಪ್ರಭು ಕೆಂಪೇಗೌಡ ನಿಲ್ದಾಣದಲ್ಲಿ. ಮೇಲಿನ ಹಂತದಲ್ಲಿ ನೇರಳೆ, ಅದರ ಕೆಳಗೆ ಹಸಿರು.

ನಾನು ಹಗರಿಬೊಮ್ಮನಹಳ್ಳಿ ಕಡೆಯವನು. ನಿಲ್ದಾಣಗಳಲ್ಲಿ ಜನರ ಹರಿವನ್ನು ನೋಡಿಕೊಳ್ಳುವುದು, ಹೊತ್ತಿಗೆ ತಕ್ಕಂತೆ ಬರಹ ಬದಲಿಸುವ ಫಲಕಗಳಿಂದ ಆ ಹರಿವಿಗೆ ದಾರಿ ತೋರಿಸುವುದು ನನ್ನ ಕಸುಬು. ಈ ಕಸುಬು ಕಲಿಸಿದ್ದನ್ನು ಮುಂದೆ ಬರುವವರಿಗಾಗಿ ಬರೆದಿಡುತ್ತಿದ್ದೇನೆ.

1. ಮೊದಲ ಸಲ ಬಂದವರೇ ಅಳತೆಗೋಲು

ದಿನಾ ಓಡಾಡುವವರು ಫಲಕ ಓದುವುದಿಲ್ಲ. ಅವರ ಕಾಲಿಗೇ ದಾರಿ ಗೊತ್ತು. ಫಲಕವನ್ನು ಎದುರು ನೋಡುವವರು ಅಪರೂಪಕ್ಕೆ ಬರುವವರು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯಿಂದ ರಾತ್ರಿ ಬಸ್ಸು ಹತ್ತಿ ನಸುಕಿಗೆ ಮೆಜೆಸ್ಟಿಕ್‌ನಲ್ಲಿ ಇಳಿಯುವ ನಮ್ಮ ಕಡೆಯ ಕೂಲಿಕಾರರು, ಆಸ್ಪತ್ರೆಗೆಂದು ಬರುವ ವಯಸ್ಸಾದವರು, ಹಾಸ್ಟೆಲಿಗೆ ಮರಳುವ ಮಕ್ಕಳು ಆ ಸಾಲಿನವರು. ಊರಿಂದ ಬರುವವರ ಸಂಖ್ಯೆ ಎಷ್ಟು ದೊಡ್ಡದೆಂದರೆ, 2025ರ ಜನವರಿ 13ರಿಂದ ಸೋಮವಾರದ ಮೊದಲ ಮೆಟ್ರೊ ರೈಲನ್ನು 5 ಗಂಟೆಯ ಬದಲು 4.15ಕ್ಕೇ ಹೊರಡಿಸಿದರು.

ತಲೆಯ ಮೇಲೆ ಚೀಲ, ಕೈಯಲ್ಲಿ ಮಗು ಇರುವ ತಾಯಿ ಎಸ್ಕಲೇಟರಿನ ಬಾಯಲ್ಲಿ ಅರೆಗಳಿಗೆ ನಿಂತರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಆಕೆಯನ್ನು ಗದರಿಸಿ ಫಲವಿಲ್ಲ, ಆಕೆಗೆ ಬೇಕಾದ ಮಾತು ಹತ್ತು ಹೆಜ್ಜೆ ಹಿಂದೆಯೇ ಸಿಕ್ಕಿರಬೇಕಿತ್ತು. ಫಲಕದ ಕರಡು ಸಿದ್ಧವಾದಾಗ ಕಚೇರಿಯ ಸಹೋದ್ಯೋಗಿಗಳಿಗೆ ತೋರಿಸಬೇಡಿ, ಬಸ್ ನಿಲ್ದಾಣದಿಂದ ಈಗಷ್ಟೇ ಬಂದವರಿಗೆ ತೋರಿಸಿ. ಅವರು ತಡವರಿಸದೆ ನಡೆದರೆ ಎಲ್ಲರೂ ನಡೆಯುತ್ತಾರೆ.

2. ಸ್ಥಳ ಹೇಳುವ ಫಲಕ ಬೇರೆ, ಸ್ಥಿತಿ ಹೇಳುವ ಫಲಕ ಬೇರೆ

ಹಗರಿಬೊಮ್ಮನಹಳ್ಳಿಯ ರೈಲು ನಿಲ್ದಾಣಕ್ಕೆ ಒಂದು ಹಳದಿ ಹೆಸರು ಹಲಗೆ ಸಾಕು. 2019ರಲ್ಲಿ ಹೊಸಪೇಟೆ–ಕೊಟ್ಟೂರು–ಹರಿಹರ ಪ್ಯಾಸೆಂಜರ್ ರೈಲು ಶುರುವಾದಾಗಲೂ ಅಷ್ಟೇ ಸಾಕಾಯಿತು. ಕೆಲವೇ ನಿಮಿಷಕ್ಕೊಂದು ರೈಲು, ನಾಲ್ಕು ದಿಕ್ಕು, ಎರಡು ಹಂತ ಇರುವ ನಿಲ್ದಾಣಕ್ಕೆ ಎರಡು ಬಗೆಯ ಫಲಕ ಬೇಕು. ‘ಇದು ನೇರಳೆ ಮಾರ್ಗ’ ಎಂಬುದು ಇವತ್ತೂ ನಿಜ, ನಾಳೆಯೂ ನಿಜ. ಅದು ಬಣ್ಣ ಬಳಿದ, ಕರೆಂಟು ಹೋದರೂ ಅಳಿಯದ ಫಲಕದಲ್ಲಿರಬೇಕು. ‘ಈ ಗೇಟಿನಿಂದ ಈಗ ಒಳಗೆ ಬರಬೇಡಿ’ ಎಂಬುದು ಈ ಗಳಿಗೆಯ ನಿಜ. ಅದರ ಜಾಗ ಎಲ್‌ಇಡಿ ಪರದೆ ಅಥವಾ ಎತ್ತಿ ಇಡಬಲ್ಲ ಹಲಗೆ.

ಸ್ಥಿರ ಎಂದುಕೊಂಡದ್ದೂ ಬದಲಾಗುವುದುಂಟು. ರೈಲು ಯಾವ ಕಡೆಗೆ ಎಂದು ನಾವು ಹೇಳುವುದು ಕೊನೆಯ ನಿಲ್ದಾಣದ ಹೆಸರಿನಿಂದ. ನೇರಳೆ ಮಾರ್ಗದ ಪಶ್ಚಿಮದ ತುದಿ ಮೈಸೂರು ರಸ್ತೆಯಾಗಿತ್ತು, 2021ರಲ್ಲಿ ಕೆಂಗೇರಿಯಾಯಿತು, 2023ರಲ್ಲಿ ಚಲ್ಲಘಟ್ಟವಾಯಿತು. ಹಸಿರು ಮಾರ್ಗದ ಉತ್ತರದ ತುದಿ ನಾಗಸಂದ್ರ 2024ರಲ್ಲಿ ಮಾದಾವರಕ್ಕೆ ಸರಿಯಿತು. ದಕ್ಷಿಣದ ತುದಿ ಯಲಚೇನಹಳ್ಳಿ 2021ರಲ್ಲಿ ರೇಷ್ಮೆ ಸಂಸ್ಥೆಗೆ ಹೋಯಿತು. ಮಾರ್ಗ ಬೆಳೆದ ದಿನವೇ ಪ್ರತಿ ಮೂಲೆಯ ಹಳೆಯ ಹೆಸರೂ ಇಳಿಯಬೇಕು. ಗೋಡೆ ಒಂದು ಹೇಳಿ ಪರದೆ ಇನ್ನೊಂದು ಹೇಳಿದರೆ ಜನ ಎರಡನ್ನೂ ನಂಬುವುದಿಲ್ಲ. ತಾತ್ಕಾಲಿಕ ಸೂಚನೆ ಹಾಕುವಾಗ ಅದಕ್ಕೆ ಎದುರಾಡುವ ಸ್ಥಿರ ಫಲಕವನ್ನು ಬಟ್ಟೆಯಿಂದಾದರೂ ಮುಚ್ಚಿ.

3. ತಿರುವಿಗಿಂತ ಮೊದಲು ಹೇಳಿ

ಫಲಕಕ್ಕೆ ಅತ್ಯಂತ ಕೆಟ್ಟ ಜಾಗ ಎಸ್ಕಲೇಟರ್ ಮುಗಿಯುವ ತುದಿ. ಅಲ್ಲಿ ಕಾಲಡಿಯ ಮೆಟ್ಟಿಲು ಜನರನ್ನು ತಂದು ಸುರಿಯುತ್ತಲೇ ಇರುತ್ತದೆ, ಓದಲು ನಿಂತವರ ಬೆನ್ನಿಗೆ ಹಿಂದಿನವರು ಬಂದು ಬೀಳುತ್ತಾರೆ. ಆ ತುದಿಯಿಂದ ಕೆಲವು ಮೀಟರ್ ಜಾಗ ಸದಾ ಖಾಲಿ ಇರಬೇಕು. ಅಲ್ಲಿ ಹಲಗೆ, ಜಾಹೀರಾತು ಕಂಬ, ಟಿಕೆಟ್ ಯಂತ್ರದ ಸರತಿ ಯಾವುದೂ ಬೇಡ. ಎಡವೋ ಬಲವೋ ಎಂದು ತೀರ್ಮಾನಿಸಬೇಕಾದ ಜಾಗವನ್ನು ಗುರುತಿಸಿ, ಅದಕ್ಕಿಂತ ಹಿಂದೆ, ನಡೆಯುತ್ತಲೇ ಓದಬಹುದಾದ ಕಡೆ, ಮುಂದಿನವರ ತಲೆಗಳಿಗಿಂತ ಮೇಲೆ ಫಲಕ ಇಡಿ.

ಜನದಟ್ಟಣೆಯ ಅಧ್ಯಯನದಲ್ಲಿ ಅಮೆರಿಕದ ಜಾನ್ ಫ್ರೂಯಿನ್ ಹೆಸರು ದೊಡ್ಡದು, ಪಾದಚಾರಿ ಯೋಜನೆ ಕುರಿತ ಅವರ ಪುಸ್ತಕ 1971ರದು. ಚದರ ಮೀಟರಿಗೆ ಏಳು ಜನ ಸೇರಿದರೆ ಗುಂಪು ದ್ರವದಂತೆ ವರ್ತಿಸತೊಡಗುತ್ತದೆ, ಒಬ್ಬೊಬ್ಬರ ಇಚ್ಛೆಗೆ ಅಲ್ಲಿ ಬೆಲೆ ಇರುವುದಿಲ್ಲ ಎಂದು ಅವರು ತೋರಿಸಿದರು. ಆ ಹಂತದಲ್ಲಿ ಫಲಕ ಓದಲು ತಲೆಯನ್ನೂ ತಿರುಗಿಸಲಾಗದು. ಚದರ ಮೀಟರಿಗೆ ಎರಡು ಮೂರು ಜನ ಇರುವಾಗಲೇ ಫಲಕದ ಕೆಲಸ ಮುಗಿದಿರಬೇಕು.

4. ತಡೆಯುವುದಿದ್ದರೆ ಮೇಲೆ ತಡೆಯಿರಿ

ಇದು ಎಲ್ಲಕ್ಕಿಂತ ದೊಡ್ಡ ಪಾಠ. ಲಂಡನ್ ಅಂಡರ್‌ಗ್ರೌಂಡಿನ ಯೋಜನಾ ಲೆಕ್ಕದಲ್ಲಿ ಒಂದು ಎಸ್ಕಲೇಟರ್ ನಿಮಿಷಕ್ಕೆ ಸುಮಾರು 100 ಜನರನ್ನು, ಒಂದು ಟಿಕೆಟ್ ಗೇಟು ಸುಮಾರು 25 ಜನರನ್ನು ಸಾಗಿಸುತ್ತದೆ. ಕೆಳಗಿಳಿಯುವ ಎರಡು ಎಸ್ಕಲೇಟರ್ ತುಂಬಿ ಓಡುತ್ತಿದ್ದರೆ ನಿಮಿಷಕ್ಕೆ 200 ಜನ ಪ್ಲಾಟ್‌ಫಾರಂ ಸೇರುತ್ತಾರೆ. ಐದು ನಿಮಿಷಕ್ಕೊಂದು ರೈಲು ಬಂದರೆ ಸಾವಿರ ಜನ, ಏರಿ ಹೋಗುತ್ತಾರೆ. ರೈಲು ಹತ್ತು ನಿಮಿಷ ತಡವಾದರೆ ಮೂರು ಸಾವಿರ. ಪ್ಲಾಟ್‌ಫಾರಂ ಉದ್ದವಾಗುವುದಿಲ್ಲ, ಎಸ್ಕಲೇಟರ್ ಮಾತ್ರ ಸುರಿಯುತ್ತಲೇ ಇರುತ್ತದೆ.

ಆದ್ದರಿಂದ ರೈಲು ತಡವಾದ ಸುದ್ದಿ ಬಂದ ಗಳಿಗೆಯಲ್ಲಿ ಮೊದಲು ಬದಲಾಗಬೇಕಾದ್ದು ಪ್ಲಾಟ್‌ಫಾರಂ ಪರದೆಯಲ್ಲ, ರಸ್ತೆಯ ಬಾಗಿಲಿನ ಫಲಕ. ಆಮೇಲೆ ಗೇಟುಗಳ ಬಾಣ. ಕೆಲವು ಗೇಟುಗಳನ್ನು ಹೊರಹೋಗಲು ಮಾತ್ರ ಎಂದು ತಿರುಗಿಸಬೇಕು, ಬೇಕಾದರೆ ಕೆಳಗಿಳಿಯುವ ಎಸ್ಕಲೇಟರನ್ನು ಖಾಲಿಮಾಡಿ ನಿಲ್ಲಿಸಿ ಮೇಲಕ್ಕೆ ತಿರುಗಿಸಬೇಕು. ರಸ್ತೆ ಮಟ್ಟದಲ್ಲಿ ಗಾಳಿ ಇದೆ, ಬೆಳಕಿದೆ, ಬೇಸತ್ತವರು ಬಸ್ಸು ಹಿಡಿಯಬಹುದು. ಕೆಳಗೆ ಇವು ಯಾವುವೂ ಇಲ್ಲ. ಬೆಂಕಿ ಬಿದ್ದರೆ ನಾಲ್ಕು ನಿಮಿಷದಲ್ಲಿ ಪ್ಲಾಟ್‌ಫಾರಂ ತೆರವಾಗಿ, ಆರು ನಿಮಿಷದಲ್ಲಿ ಎಲ್ಲರೂ ಸುರಕ್ಷಿತ ಜಾಗ ಸೇರಬೇಕು ಎಂಬುದು ಮೆಟ್ರೊ ವಿನ್ಯಾಸದಲ್ಲಿ ಬಳಸುವ ಎನ್‌ಎಫ್‌ಪಿಎ 130 ಮಾನದಂಡ. ಮಿತಿಮೀರಿ ತುಂಬಿದ ಪ್ಲಾಟ್‌ಫಾರಂ ಆ ಲೆಕ್ಕವನ್ನೇ ಮುರಿಯುತ್ತದೆ.

1943ರ ಮಾರ್ಚ್ 3ರ ರಾತ್ರಿ ಲಂಡನ್ನಿನ ಬೆತ್ನಲ್ ಗ್ರೀನ್ ನಿಲ್ದಾಣದಲ್ಲಿ 173 ಜನ ಸತ್ತರು. ಯುದ್ಧಕಾಲದಲ್ಲಿ ಅದು ಬಾಂಬು ದಾಳಿಯಿಂದ ಕಾಯುವ ತಂಗುದಾಣವಾಗಿತ್ತು. ಮಬ್ಬುಗತ್ತಲ ಮೆಟ್ಟಿಲ ಮೇಲೆ ಮುಂದಿನವರು ಮುಗ್ಗರಿಸಿ ಬಿದ್ದರು, ಮೇಲಿನಿಂದ ಬರುತ್ತಿದ್ದವರಿಗೆ ಅದು ಗೊತ್ತಾಗಲಿಲ್ಲ, ಅವರು ಒತ್ತುತ್ತಲೇ ಬಂದರು. ಕೆಳಗೆ ಏನಾಗಿದೆ ಎಂಬುದನ್ನು ಮೇಲಿರುವವರಿಗೆ ತಿಳಿಸುವುದೇ ಬದಲಾಗುವ ಫಲಕದ ಮೊದಲ ಕರ್ತವ್ಯ. ಈ ಕಸುಬಿಗೆ ಬರುವ ಹೊಸಬರಿಗೆ ನಾನು ಮೊದಲು ಹೇಳುವುದು ಈ ಘಟನೆಯನ್ನೇ.

5. ‘ಮುಚ್ಚಿದೆ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ

2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವಕ್ಕೆ ಬೆಂಗಳೂರಿನ ನಡುಭಾಗಕ್ಕೆ ಜನಸಾಗರ ನುಗ್ಗಿತು. ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಯ ಕಾಲ್ತುಳಿತದಲ್ಲಿ 11 ಜನ ಜೀವ ಕಳೆದುಕೊಂಡರು. ಆ ದಿನ ಮೆಟ್ರೊದಲ್ಲಿ 9.66 ಲಕ್ಷ ಪ್ರಯಾಣ ದಾಖಲಾಯಿತು, ಸಂಜೆ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ನಿಲ್ದಾಣಗಳಲ್ಲಿ ರೈಲು ನಿಲ್ಲಿಸದೆ ಮುಂದಕ್ಕೆ ಓಡಿಸಿದರು. ಅಂಥ ಹೊತ್ತಿನಲ್ಲಿ ನಿಲ್ದಾಣವನ್ನು ದಾಟಿಸಿ ಹೋಗುವುದು ಬೇಕಾದ ಕ್ರಮ. ಆದರೆ ಆ ಸುದ್ದಿ ರೈಲು ಹತ್ತುವ ಮೊದಲೇ ಎಲ್ಲ ನಿಲ್ದಾಣಗಳ ಬಾಗಿಲಲ್ಲೂ ಕಾಣಬೇಕು, ಬೋಗಿಯೊಳಗೆ ಕೇಳಬೇಕು. ಮುಚ್ಚಿದ ಬಾಗಿಲ ಎದುರು ಮಾತ್ರ ಹೇಳಿದರೆ ಅಲ್ಲೇ ಹೊಸ ಗುಂಪು ಕಟ್ಟುತ್ತದೆ.

ಪ್ರತಿ ‘ಮುಚ್ಚಿದೆ’ಯ ಜೊತೆಗೆ ಮೂರು ಸಂಗತಿ ಬರೆಯಿರಿ: ಎಲ್ಲಿಗೆ ಹೋಗಬೇಕು, ನಡೆದರೆ ಎಷ್ಟು ಹೊತ್ತು, ಯಾವ ಕಡೆಯಿಂದ. ವರ್ಷದ ಕೊನೆಯ ರಾತ್ರಿ ಎಂ.ಜಿ. ರಸ್ತೆ ನಿಲ್ದಾಣ ಮುಚ್ಚುವಾಗ ಟ್ರಿನಿಟಿ ಮತ್ತು ಕಬ್ಬನ್ ಪಾರ್ಕ್ ನಿಲ್ದಾಣಗಳಿಗೆ ಹೋಗಿ ಎಂದು ಮೊದಲೇ ಸಾರುವ ಪದ್ಧತಿ ಬೆಳೆದಿದೆ. ಮರುಪ್ರಯಾಣಕ್ಕೆ 50 ರೂಪಾಯಿಯ ಕಾಗದದ ಟಿಕೆಟನ್ನು ಮುಂಚೆಯೇ ಮಾರಿದ್ದೂ ಉಂಟು. ಆ ಕಾಗದದ ಚೀಟಿಯೂ ಒಂದು ಬಗೆಯ ಫಲಕವೇ: ರಾತ್ರಿ ಕೌಂಟರ್ ಮುಂದೆ ಬೆಳೆಯಬಹುದಾದ ಸಾಲನ್ನು ಅದು ಹಗಲೇ ಕರಗಿಸಿಬಿಡುತ್ತದೆ.

6. ದನಿ ಒಂದೇ ಇರಲಿ

2025ರ ಫೆಬ್ರುವರಿ 15ರ ರಾತ್ರಿ, ಮಹಾಕುಂಭದ ದಿನಗಳಲ್ಲಿ, ನವದೆಹಲಿ ರೈಲು ನಿಲ್ದಾಣದಲ್ಲಿ 18 ಜನ ಕಾಲ್ತುಳಿತಕ್ಕೆ ಬಲಿಯಾದರು. ಕಾರಣಗಳ ಬಗ್ಗೆ ಹಲವು ವಿವರಣೆಗಳು ಬಂದವು. ಅವುಗಳಲ್ಲೊಂದು, ಪ್ರಯಾಗರಾಜ್ ಎಂಬ ಹೆಸರಿನಿಂದಲೇ ಶುರುವಾಗುವ ಎರಡು ರೈಲುಗಳ ಘೋಷಣೆಯಿಂದ ಜನ ಗೊಂದಲಕ್ಕೆ ಬಿದ್ದರು ಎಂಬುದು. ಕಿಕ್ಕಿರಿದ ಜಾಗದಲ್ಲಿ ಸಂದೇಶ ಬದಲಿಸುವುದೆಂದರೆ ಸಾವಿರಾರು ಜನರ ಕಾಲುಗಳನ್ನು ಒಮ್ಮೆಗೇ ತಿರುಗಿಸಿದಂತೆ.

ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಇದಕ್ಕೆ ಉತ್ತರ ಇದೆ. ಭರತ ಹುಣ್ಣಿಮೆಯ ನಂತರದ ಜಾತ್ರೆಗೆ ಅಲ್ಲಿನ ಡೆಂಗನಮರಡಿಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗುತ್ತಿದ್ದಂತೆ ಇಡೀ ಬಯಲು ಸ್ತಬ್ಧವಾಗುತ್ತದೆ, ಆಮೇಲೆ ಒಂದೇ ಸಾಲಿನ ಭವಿಷ್ಯವಾಣಿ, ಅದೇ ಕಾರ್ಣಿಕ. ಅಷ್ಟು ದೊಡ್ಡ ಜನಸ್ತೋಮ ಯಾವ ಪೊಲೀಸ್ ಲಾಠಿಯೂ ಇಲ್ಲದೆ ಸುಮ್ಮನಾಗುವುದು ಯಾಕೆ? ಮಾತಾಡುವವರು ಒಬ್ಬರೇ, ನಿಂತ ಜಾಗ ಎಲ್ಲರಿಗೂ ಕಾಣುತ್ತದೆ, ಮಾತು ಚಿಕ್ಕದು, ಆ ಗಳಿಗೆಯಲ್ಲಿ ಬೇರೆ ಯಾರ ದನಿಯೂ ಇರುವುದಿಲ್ಲ.

ನಿಲ್ದಾಣದಲ್ಲೂ ಹಾಗೇ ಆಗಬೇಕು. ಪರದೆ, ಧ್ವನಿವರ್ಧಕ, ಕಾವಲುಗಾರರ ಬಾಯಿ ಮೂರರಿಂದಲೂ ಒಂದೇ ವಾಕ್ಯ, ಒಂದೇ ಪದಗಳಲ್ಲಿ ಬರಬೇಕು. ಅದನ್ನು ಬದಲಿಸುವ ಅಧಿಕಾರ ನಿಯಂತ್ರಣ ಕೊಠಡಿಯಲ್ಲಿ ಒಬ್ಬರಿಗೇ ಇರಬೇಕು. ತುರ್ತು ಹೊತ್ತಿನಲ್ಲಿ ಜಾಹೀರಾತು, ಶುಭಾಶಯ, ‘ದಯವಿಟ್ಟು ಸ್ವಚ್ಛತೆ ಕಾಪಾಡಿ’ ಎಲ್ಲವೂ ಪರದೆಯಿಂದ ಇಳಿಯಬೇಕು.

7. ಕನ್ನಡ ಮೊದಲು, ಓದಿ ಮುಗಿಸುವಷ್ಟು ಹೊತ್ತು

2017ರಲ್ಲಿ ಮೆಟ್ರೊ ಫಲಕಗಳಲ್ಲಿ ಹಿಂದಿ ಬೇಡ ಎಂಬ ಹೋರಾಟ ನಡೆದು ಕನ್ನಡ, ಇಂಗ್ಲಿಷ್ ಎರಡೇ ಉಳಿದವು. ಸ್ಥಿರ ಫಲಕದಲ್ಲಿ ಎರಡೂ ಭಾಷೆ ಪಕ್ಕಪಕ್ಕದಲ್ಲಿ ಇರುತ್ತವೆ. ಬದಲಾಗುವ ಪರದೆಯಲ್ಲಿ ಅವು ಸರದಿಯ ಮೇಲೆ ಬರುತ್ತವೆ. ಅಲ್ಲಿ ಯಾವ ಭಾಷೆ ಮೊದಲು, ಎಷ್ಟು ಸೆಕೆಂಡು ಎಂಬುದೇ ಭಾಷಾನೀತಿ. ಕನ್ನಡ ಬಿಟ್ಟು ಬೇರೇನೂ ಓದಲಾಗದವರು ಇಂಗ್ಲಿಷ್ ಸಾಲು ಮುಗಿಯಲೆಂದು ಕಾಯುತ್ತಾ ದಾರಿಯ ನಡುವೆ ನಿಲ್ಲುವಂತಾಗಬಾರದು. ಸಂದೇಶವನ್ನು ನಿಧಾನವಾಗಿ ಎರಡು ಸಲ ಗಟ್ಟಿಯಾಗಿ ಓದಿ ನೋಡಿ, ಅಷ್ಟು ಹೊತ್ತು ಕನ್ನಡ ಪರದೆಯ ಮೇಲಿರಲಿ. ಉರುಳುತ್ತಾ ಸಾಗುವ ಅಕ್ಷರ ಬೇಡ. ಒತ್ತಕ್ಷರ, ದೀರ್ಘ ತುಂಬಿದ ನಮ್ಮ ಲಿಪಿ ಉರುಳಿದರೆ ಕಣ್ಣಿಗೆ ಸಿಗುವುದಿಲ್ಲ. ಕಡಿಮೆ ಚುಕ್ಕಿಗಳ ಎಲ್‌ಇಡಿ ಹಲಗೆಯಲ್ಲಿ ಒತ್ತಕ್ಷರ ಕಲಸಿಹೋಗುತ್ತದೆ. ಹಲಗೆ ಕೊಳ್ಳುವ ಮೊದಲೇ ‘ಸ್ಟೇಷನ್’, ‘ಕೆಂಪೇಗೌಡ’, ‘ಚಿಕ್ಕಪೇಟೆ’ ಬರೆಸಿ ದೂರದಿಂದ ಓದಿಸಿ ನೋಡಿ.

ವಾಕ್ಯದಲ್ಲಿ ಮಾಡಬೇಕಾದ ಕೆಲಸ ಮೊದಲು ಬರಲಿ, ಕಾರಣ ಆಮೇಲೆ: ‘ಎಡಗಡೆ ಮೆಟ್ಟಿಲು ಬಳಸಿ. ಎಸ್ಕಲೇಟರ್ ನಿಂತಿದೆ.’ ಓದಲು ಬಾರದವರಿಗೆ ಬಾಣ, ಅಂಕಿ, ಮಾರ್ಗದ ಬಣ್ಣ ಇರಲಿ. ಬಣ್ಣವೊಂದನ್ನೇ ನೆಚ್ಚಬೇಡಿ. ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದ ಕಣ್ಣುಗಳೂ ಇವೆ. ಹಸಿರಿಗೆ ಬಾಣ, ಕೆಂಪಿಗೆ ಅಡ್ಡಗೀಟು ಜೊತೆಯಾಗಲಿ.

8. ಎಷ್ಟು ನಿಮಿಷ ಎಂಬುದನ್ನು ಗೇಟಿನ ಹೊರಗೇ ತೋರಿಸಿ

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ಮೂರೇ ರೈಲುಗಳೊಂದಿಗೆ, 25 ನಿಮಿಷಕ್ಕೊಂದರಂತೆ ಶುರುವಾಯಿತು. ಅದು ಕಂಬದ ಮೇಲಿನ ಮಾರ್ಗವಾದರೂ ಪಾಠ ಎಲ್ಲ ಕಡೆಗೂ ಒಂದೇ. ಮುಂದಿನ ರೈಲು 20 ನಿಮಿಷಕ್ಕೆ ಎಂದು ಗೇಟಿನಾಚೆಯೇ ಕಂಡರೆ ಕೆಲವರು ಚಹಾ ಕುಡಿದು ಬರುತ್ತಾರೆ, ಕೆಲವರು ಬಸ್ಸಿಗೆ ಹೋಗುತ್ತಾರೆ. ಪ್ಲಾಟ್‌ಫಾರಂಗೆ ಇಳಿದ ಮೇಲೆ ಕಂಡರೆ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಒಂದರ ಬದಲು ಮುಂದಿನ ಎರಡು ರೈಲುಗಳ ಹೊತ್ತನ್ನು ತೋರಿಸಿ. ಹಿಂದೆಯೇ ಇನ್ನೊಂದಿದೆ ಎಂದು ಗೊತ್ತಾದರೆ ಮುಚ್ಚುತ್ತಿರುವ ಬಾಗಿಲಿಗೆ ಕೈ ಒಡ್ಡುವವರು ಕಡಿಮೆಯಾಗುತ್ತಾರೆ. ಮೆಜೆಸ್ಟಿಕ್‌ನಿಂದಲೇ ಹೊರಡುವ ಖಾಲಿ ರೈಲುಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಖಾಲಿ ರೈಲು ಬರುತ್ತಿದೆ ಎಂಬ ಒಂದು ಸಾಲು, ವಯಸ್ಸಾದವರನ್ನೂ ಮಕ್ಕಳನ್ನೂ ತುಂಬಿದ ಬೋಗಿಯ ನೂಕುನುಗ್ಗಲಿನಿಂದ ಉಳಿಸುತ್ತದೆ.

9. ಪ್ರತಿ ಸಂದೇಶಕ್ಕೂ ಮುಗಿಯುವ ಹೊತ್ತು, ಪ್ರತಿ ಫಲಕದ ಬಳಿ ಒಬ್ಬ ಮನುಷ್ಯ

ಸಂದೇಶ ಹಾಕುವಾಗ ಎಲ್ಲರಿಗೂ ಅವಸರ ಇರುತ್ತದೆ, ತೆಗೆಯುವಾಗ ಯಾರಿಗೂ ನೆನಪಿರುವುದಿಲ್ಲ. ನಿನ್ನೆಯ ‘ಲಿಫ್ಟ್ ಕೆಟ್ಟಿದೆ’ ಇವತ್ತೂ ನೇತಾಡುತ್ತಿದ್ದರೆ, ನಾಳೆಯ ‘ಹೊರಗೆ ನಡೆಯಿರಿ’ ಎಂಬುದನ್ನೂ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಕಿದ ಹೊತ್ತು, ಇಳಿಸಬೇಕಾದ ಹೊತ್ತು, ಹೊಣೆ ಯಾರದು ಎಂಬುದನ್ನು ನಿಯಂತ್ರಣ ಕೊಠಡಿಯ ಪುಸ್ತಕದಲ್ಲಿ ಬರೆಯುವ ರೂಢಿ ಮಾಡಿ. ಪರದೆಯಲ್ಲಿ ಹೇಳಲು ಏನೂ ಇಲ್ಲದಾಗ ಅದು ಖಾಲಿ ಇರಲಿ. ಸದಾ ಮಿನುಗುವ ಪರದೆಯನ್ನು ಕಣ್ಣು ಬೇಗ ಮರೆಯುತ್ತದೆ.

ಫಲಕ ಒಂದೇ ರೂಢಿಯನ್ನು ಬದಲಿಸಲಾರದು. 2015ರಲ್ಲಿ ಲಂಡನ್ನಿನ ಹೋಬರ್ನ್ ನಿಲ್ದಾಣದಲ್ಲಿ ಎಸ್ಕಲೇಟರಿನ ಎರಡೂ ಬದಿಯಲ್ಲಿ ನಿಂತೇ ಹೋಗಿ ಎಂದು ಪ್ರಯೋಗ ಮಾಡಿದರು. ನಡೆಯುವವರಿಗೆಂದು ಒಂದು ಬದಿ ಖಾಲಿ ಬಿಡುವುದಕ್ಕಿಂತ ಹೆಚ್ಚು ಜನ ಸಾಗಿದರು. ಆದರೆ ಹಾಗೆ ನಿಲ್ಲಿಸಲು ಸಿಬ್ಬಂದಿ ಎದುರಿಗೆ ನಿಂತು ಹೇಳುತ್ತಿರಬೇಕಾಯಿತು. ನಮ್ಮಲ್ಲೂ ಹೊಸ ದಾರಿ ತೆರೆದ ಮೊದಲ ದಿನಗಳಲ್ಲಿ ಫಲಕದ ಕೆಳಗೆ ಒಬ್ಬರು ನಿಂತು ಕೈ ತೋರಿಸಲೇಬೇಕು. ಅವರಿಗೆ ಸಂದೇಶ ಪರದೆಗಿಂತ ಮೊದಲು ತಿಳಿದಿರಬೇಕು. ಗುತ್ತಿಗೆಯ ಕಾವಲುಗಾರರು, ಕಸ ಗುಡಿಸುವವರನ್ನೂ ಈ ಸರಪಳಿಯಲ್ಲಿ ಸೇರಿಸಿಕೊಳ್ಳಿ. ನಮ್ಮ ಕಡೆಯಿಂದ ಬಂದವರು ದಾರಿ ಕೇಳುವುದು ಬಹುಪಾಲು ಅವರನ್ನೇ.

10. ಈ ಪಾಠ ನಮ್ಮ ಜಾತ್ರೆಗಳಿಗೂ ಸಲ್ಲಬೇಕು

ಗುಲಾಬಿ ಮಾರ್ಗ ಪೂರ್ಣವಾದಾಗ ಬೆಂಗಳೂರಿಗೆ ಇನ್ನೂ 12 ನೆಲದಡಿಯ ನಿಲ್ದಾಣಗಳು ಸೇರಲಿವೆ. ಅಲ್ಲಿಗೆ ಈ ವಿದ್ಯೆ ಹೇಗೂ ಹೋಗುತ್ತದೆ. ನನ್ನ ಆಸೆ ಅದು ನಮ್ಮ ಊರುಗಳಿಗೂ ಬರಲಿ ಎಂಬುದು. ಕೊಟ್ಟೂರಿನ ಗುರು ಕೊಟ್ಟೂರೇಶ್ವರ ರಥೋತ್ಸವಕ್ಕೆ ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಪಾದಯಾತ್ರಿಗಳು ಸಾಲುಗಟ್ಟಿ ಬರುತ್ತಾರೆ. 2017ರ ಫೆಬ್ರುವರಿ 21ರಂದು ಅಲ್ಲಿ ತೇರು ಉರುಳಿ ಹಲವರು ಗಾಯಗೊಂಡರು. ಅಂಥ ಗಳಿಗೆಯಲ್ಲಿ ಆಂಬುಲೆನ್ಸಿಗೆ ಯಾವ ಬೀದಿ, ಜನರಿಗೆ ಯಾವ ಬೀದಿ ಎಂಬುದನ್ನು ಎರಡು ನಿಮಿಷದೊಳಗೆ ಎಲ್ಲರಿಗೂ ತಿಳಿಸುವ ಏರ್ಪಾಡು ಬೇಕು. ತೇರುಬೀದಿಯ ಇಕ್ಕಟ್ಟು, ನಿಲ್ದಾಣದ ಸುರಂಗದ ಇಕ್ಕಟ್ಟು ಎರಡರಲ್ಲೂ ಹಿಂದಿನವರಿಗೆ ಮುಂದಿನದು ಕಾಣದು.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಜಾತ್ರೆಗೆ ಬರುವ ಪ್ರತಿ ದಾರಿಯಲ್ಲಿ, ಊರು ಮುಟ್ಟುವ ಮೊದಲೇ, ಬದಲಿಸಬಹುದಾದ ಒಂದು ದೊಡ್ಡ ಹಲಗೆ ಮತ್ತು ಅದರ ಬಳಿ ವಾಕಿಟಾಕಿ ಹಿಡಿದ ಸ್ವಯಂಸೇವಕ. ತೇರುಬೀದಿಗೆ ಒಳಹೋಗುವ ದಾರಿ ಬೇರೆ, ಹೊರಬರುವ ದಾರಿ ಬೇರೆ. ಎತ್ತರದಲ್ಲಿ ಕೂತು ನೋಡುವ ಒಬ್ಬರು, ಸಂದೇಶ ಬದಲಿಸುವ ಅಧಿಕಾರ ಇರುವ ಒಬ್ಬರು. ಮೈಲಾರಕ್ಕೆ ಚಕ್ಕಡಿಗಳು ಬರುವ ದಾರಿಯಲ್ಲೂ ಹೀಗೇ ಆಗಲಿ. ವಿಜಯನಗರ ಜಿಲ್ಲಾಡಳಿತ, ದೇವಸ್ಥಾನ ಸಮಿತಿಗಳು, ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಹುಡುಗ ಹುಡುಗಿಯರು ಜಾತ್ರೆಗೆ ಒಂದು ತಿಂಗಳು ಮೊದಲು ಕೂತು, ಕೊಟ್ಟೂರಿನ ಬೀದಿಗಳ ನಕ್ಷೆ ಬರೆದು, ಎಲ್ಲಿ ಯಾವ ಹಲಗೆ ಎಂದು ಗುರುತು ಹಾಕಿ, ಒಂದು ಸಲ ಖಾಲಿ ಬೀದಿಯಲ್ಲಿ ತಾಲೀಮು ಮಾಡಿ ನೋಡಲಿ. ಈ ಕಸುಬಿನ ನಮ್ಮಂಥವರು ರಜೆ ಹಾಕಿ ಬಂದು ಕೈಜೋಡಿಸುತ್ತೇವೆ.